ಮಾಗಡಿ ಕೆರೆಯ ಹೆಬ್ಬಾತುಗಳು ಮೀನು ತಿಂತಾವೇನು?

ನಮಸ್ಕಾರ್ರೀ. ಚಳಿಗಾಲದಾಗ ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಬರೋ ಹೆಬ್ಬಾತುಗಳು ಕೆರೆಯ ಮೀನು ಖಾಲಿ ಮಾಡ್ತಾವೇನು ಅಂತ ಕೇಳೀರಿ. ಇಲ್ಲರೀ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು ಮುಖ್ಯವಾಗಿ ಹುಲ್ಲು, ಎಳೆ ಚಿಗುರು, ಕಾಳು ತಿನ್ನೋ ಹಕ್ಕಿ. ಕೊಕ್ಕಿನ ಅಂಚು ಗರಗಸದಂಗ ಇರ್ತದ, ಹುಲ್ಲು ಕತ್ತರಿಸೋದಕ್ಕ. ಹಗಲು ನೀರಿನಾಗ ವಿಶ್ರಾಂತಿ, ಮೇವು ಹೆಚ್ಚಾಗಿ ಸುತ್ತಲಿನ ಹೊಲದಾಗ. ಮೀನು ಹಿಡಿಯೋವು ನೀರುಕಾಗೆ, ಕೊಕ್ಕರೆಗಳು.

ನನಗ ಬಾಳ ಮುಖ್ಯ ಅನಸೋದು ಮುಂದಿನ ಮಾತು. ನಾರಿನ ಮೇವು ಅವಕ್ಕ ಪೂರ್ತಿ ಪಚನ ಆಗೂದಿಲ್ಲ, ಅದಕ್ಕ ಬಾಳ ತಿಂತಾವ, ಮ್ಯಾಲಿಂದ ಮ್ಯಾಲೆ ಹಿಕ್ಕಿ ಹಾಕ್ತಾವ. ಹೊಲದ ಸಾರಜನಕ, ರಂಜಕ ಹಿಂಗ ಕೆರೆ ಸೇರ್ತದ. ಅದನ್ನ ಉಂಡು ಪಾಚಿ ಬೆಳೀತದ, ಪಾಚಿಯನ್ನ ಸಣ್ಣ ಜಲಜೀವಿಗಳು, ಅವನ್ನ ಮೀನು ತಿಂತಾವ. ಆದರ ನೀರು ಕಡಿಮಿ ಆದಾಗ ಪಾಚಿ ಅತಿಯಾದ್ರ ಆಮ್ಲಜನಕ ಇಳಿದು ಮೀನು ಸಾಯಬಹುದು, ಇದೂ ಖರೆ.

2024ರಾಗ ಈ ಕೆರೆ ರಾಮ್ಸಾರ್ ಪಟ್ಟಿಗೆ, ಅಂದ್ರ ಜಗತ್ತಿನ ಮಹತ್ವದ ಕೆರೆ-ಜೌಗು ಪ್ರದೇಶಗಳ ಪಟ್ಟಿಗೆ, ಸೇರೇದ. ಕಡ್ಲಿ, ಶೇಂಗಾ ಬೆಳೆಗೆ ಹಾನಿ ಆಗಿದ್ರ ಮಾತ್ರ ನಿಮ್ಮ ದೂರು ನ್ಯಾಯದ್ದು. ಫೋಟೊ ತಗದು ಅರಣ್ಯ ಇಲಾಖೆಯವರಿಗೆ ಅರ್ಜಿ ಕೊಡ್ರಿ, ಹಕ್ಕಿಗೆ ಕಲ್ಲು ಹೊಡೀಬ್ಯಾಡ್ರಿ.