ಬೀರುವಿನಲ್ಲಿರುವ ಮಾತ್ರೆ

ಮಂಡ್ಯದ ಹತ್ತಿರದ ಹಳ್ಳಿಯಿಂದ ಬಂದ ನಿಮ್ಮ ಪತ್ರ ನಾಲ್ಕು ಪುಟದ್ದು. ಅಪ್ಪನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಯಕೃತ್ತಿಗೂ ಹರಡಿದೆ. ಕಾಮಾಲೆ ಇಳಿಯಲೆಂದು ಪಿತ್ತನಾಳಕ್ಕೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿಸಿದ್ದಾಗಿದೆ. ಮೊದಲ ಕಿಮೋ ಫಲ ಕೊಡಲಿಲ್ಲ. ಕಬ್ಬಿನ ಗದ್ದೆ ಮಾರಿಯಾದರೂ ಇನ್ನೊಂದು ಬಗೆಯ ಕಿಮೋ ಆಗಲೇಬೇಕೆಂದು ಬೆಂಗಳೂರಿನ ಅಣ್ಣ, ಇನ್ನು ಸಾಕೆಂದು ನೀವು. ಯಾರು ಸರಿ ಎಂದು ಕೇಳಿದ್ದೀರಿ.

ನನ್ನ ನಿದ್ದೆ ಕೆಡಿಸಿದ್ದು ಆ ಜಗಳವಲ್ಲ, ಮೂರನೆಯ ಪುಟದ ಅಂಚಿನಲ್ಲಿ ನೀವು ಸಣ್ಣಕ್ಷರದಲ್ಲಿ ಸೇರಿಸಿದ ಸಾಲು: 'ರಾತ್ರಿಯೆಲ್ಲ ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂತಿರುತ್ತಾರೆ, ಮಲಗುವ ಅಭ್ಯಾಸವೇ ತಪ್ಪಿಹೋಗಿದೆ.'

ಅಭ್ಯಾಸ ತಪ್ಪಿದ್ದಲ್ಲ ತಾಯಿ, ಅದು ನೋವು. ಈ ಗ್ರಂಥಿ ಇರುವುದು ಜಠರದ ಹಿಂದೆ, ಬೆನ್ನುಮೂಳೆಗೆ ಹತ್ತಿರ. ಗಡ್ಡೆ ಅಲ್ಲಿನ ನರಗಳ ಗೊಂಚಲನ್ನು ಹಿಡಿದರೆ ಹೊಟ್ಟೆಯ ನೋವು ಬೆನ್ನಿಗೆ ಹಾಯುತ್ತದೆ. ಅಂಗಾತ ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿದರೆ ಕೊಂಚ ಕಡಿಮೆ. ನಿಮ್ಮ ತಂದೆ ಬಾಯಿಬಿಟ್ಟು ಹೇಳಿಲ್ಲ, ಅಷ್ಟೇ.

ಇದಕ್ಕೆ ಬರೆದುಕೊಟ್ಟ ಮಾರ್ಫಿನ್ ಮೂರು ವಾರದಿಂದ ಬೀರುವಿನಲ್ಲಿದೆ. ಏಕೆ? 'ಅದು ಕೊನೆಗಾಲದವರಿಗೆ ಕೊಡುವುದು, ಚಟ ಹತ್ತುತ್ತದೆ' ಎಂದರಂತೆ ಚಿಕ್ಕಪ್ಪ. ಇಡೀ ಪತ್ರದಲ್ಲಿ ನನಗೆ ಸಿಟ್ಟು ಬಂದದ್ದು ಇವರೊಬ್ಬರ ಮೇಲೆ. ಭಾನುವಾರ ಎಳನೀರು ಹಿಡಿದು ಬಂದು, ಕಾಫಿ ಕುಡಿದು, ಅಪ್ಪಣೆ ಕೊಡಿಸಿ ಹೋಗುವವರಿಗೆ ರೋಗಿಯ ಔಷಧದ ವಿಷಯದಲ್ಲಿ ಮಾತಿಲ್ಲ. ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ವೈದ್ಯರು ನೋವಿಗೆ ತಕ್ಕಂತೆ ಅಳೆದು ಕೊಡುವ ಮಾರ್ಫಿನ್ ಸಾವನ್ನು ಕರೆಯುವುದಿಲ್ಲ. 1985ರ ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದದ್ದೇ ಇಂಥ ನೋವಿನವರಿಗೆ ಅದು ಸುಲಭವಾಗಿ ಸಿಗಲೆಂದು. ಮೊದಲ ಕೆಲವು ದಿನ ಮಂಪರು ಇರಬಹುದು. ಮಲಬದ್ಧತೆಯಂತೂ ಆಗುತ್ತದೆ, ಅದಕ್ಕೆ ಜೊತೆಯಲ್ಲೇ ಔಷಧ ಬೇಕು. ಮಾತ್ರೆ ಸಾಲದೆ ಹೋದರೆ ಆ ನರಗಳಿಗೇ ಇಂಜೆಕ್ಷನ್ ಕೊಟ್ಟು ನೋವು ತಗ್ಗಿಸುವ ವಿಧಾನವೂ ಇದೆ.

ಅಣ್ಣನನ್ನು ಬೈಯಬೇಡಿ. ದೂರದಲ್ಲಿರುವ ಮಗನಿಗೆ ದುಡ್ಡು ಸುರಿಯುವುದೊಂದೇ ಸೇವೆಯಾಗಿ ಕಾಣುತ್ತದೆ. ಹಾಗೆಯೇ, 'ಅಪ್ಪ ಮುದ್ದೆ ಮುಟ್ಟುವುದಿಲ್ಲ' ಎಂದು ನೀವು ಅಳುತ್ತಾ ತಟ್ಟೆ ಮುಂದಿಡುವುದೂ ಬೇಡ. ಮಲ ಜಿಡ್ಡಾಗಿ ತೇಲುತ್ತಿದ್ದರೆ ವೈದ್ಯರಿಗೆ ಹೇಳಿ. ಊಟದ ಜೊತೆಗೇ ನುಂಗುವ, ಜೀರ್ಣಕ್ಕೆ ನೆರವಾಗುವ ಕಿಣ್ವದ (ಎನ್‌ಜೈಮ್) ಕ್ಯಾಪ್ಸೂಲ್‌ಗಳಿವೆ, ತಿಂದದ್ದು ಮೈಗೆ ಹತ್ತುತ್ತದೆ.

ನಾನು ಹೇಳುವ ಕೆಲಸ ಒಂದೇ. ನಾಳೆ ಬೆಳಿಗ್ಗೆ ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ, 'ಮೂರು ವಾರದಿಂದ ಕೊಟ್ಟಿಲ್ಲ, ಎಷ್ಟರಿಂದ ಶುರು ಮಾಡಲಿ?' ಎಂದು ಕೇಳಿ. ಅವರು ಹೇಳಿದ ಹೊತ್ತಿಗೆ ಸರಿಯಾಗಿ ಕೊಡಿ, ಅಪ್ಪ ನರಳುವವರೆಗೆ ಕಾಯಬೇಡಿ. ಕೊಟ್ಟ ಗಂಟೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಅವರು ಎರಡು ರಾತ್ರಿ ಬೆನ್ನು ನೆಲಕ್ಕೆ ಹಾಕಿ ಮಲಗಲಿ. ಆಮೇಲೆ ಕಿಮೋ ಬೇಕೇ, ಸಾಕೇ ಎಂದು ಅವರನ್ನೇ ಕೇಳಿ. ಭಾನುವಾರ ಮಾತ್ರ ಬೇಡ.