ಕಿರುಚಿತ್ರ ಪ್ರಶ್ನೋತ್ತರ: ‘ಬ್ಲಡ್ ಮೆರಿಡಿಯನ್’ಗೆ ಹತ್ತು ನಿಮಿಷ

ಅಮೆರಿಕದ ಲೇಖಕ ಕಾರ್ಮ್ಯಾಕ್ ಮೆಕಾರ್ಥಿ 1985ರಲ್ಲಿ ಪ್ರಕಟಿಸಿದ, ಅಮೆರಿಕ-ಮೆಕ್ಸಿಕೊ ಗಡಿನಾಡಿನ ಹಿಂಸೆಯ ಕಥೆ ಹೇಳುವ ‘ಬ್ಲಡ್ ಮೆರಿಡಿಯನ್’ ಕಾದಂಬರಿಯನ್ನು ಅಭಿಮಾನಿ ಕಿರುಚಿತ್ರವಾಗಿ ತೆಗೆಯುವ ಬಗ್ಗೆ ಬಂದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ಐವರು ಗೆಳೆಯರು. ಒಂದು ಕ್ಯಾಮೆರಾ ಇದೆ, ದುಡ್ಡು ಕಮ್ಮಿ. ಕೊಮಾಂಚೆ ಬುಡಕಟ್ಟಿನ ಸವಾರರು ದಂಡಿನ ಮೇಲೆ ಬೀಳುವ ದೃಶ್ಯವನ್ನೇ ತೆಗೆಯಬೇಕೆಂದು ಆಸೆ. ಸಾಧ್ಯವೇ? (ಓದುಗರು, ಆಸ್ಟಿನ್, ಟೆಕ್ಸಾಸ್)

ಉತ್ತರ: ಅದನ್ನು ಕೈಬಿಡಿ. ನೂರಾರು ಕುದುರೆಗಳಿರುವ ಆ ದೃಶ್ಯವನ್ನು ಐದು ಜನ ತೆಗೆದರೆ ಧೂಳು ಬಿಟ್ಟು ಬೇರೇನೂ ಕಾಣುವುದಿಲ್ಲ. 23 ಅಧ್ಯಾಯಗಳ ಈ ಪುಸ್ತಕದಲ್ಲಿ ಕಿರುಚಿತ್ರಕ್ಕೆ ಹೇಳಿ ಮಾಡಿಸಿದ ಭಾಗ ಮೊದಲ ಅಧ್ಯಾಯದಲ್ಲೇ ಇದೆ. ಅದು 1849ರಲ್ಲಿ ನಾಕೊಡೋಚಸ್ ಊರಿನಲ್ಲಿ ನಡೆಯುವ ಗುಡಾರದ ಪ್ರಸಂಗ. ಎರಡು ವಾರದಿಂದ ಮಳೆ ಹಿಡಿದಿದೆ, ಪಾದ್ರಿ ಗ್ರೀನ್ ಗುಡಾರದಲ್ಲಿ ಪ್ರವಚನ ಕೊಡುತ್ತಿದ್ದಾನೆ. ಕಾದಂಬರಿಯ ಖಳ ಜಡ್ಜ್ ಹೋಲ್ಡನ್ ಒಳಗೆ ಬಂದು, ಈ ಪಾದ್ರಿ ಮೋಸಗಾರ, ಹೆಣ್ಣುಮಗುವನ್ನು ಕೆಡಿಸಿದವನು ಎಂದು ಆರೋಪ ಹೊರಿಸುತ್ತಾನೆ. ಜನ ರೊಚ್ಚಿಗೇಳುತ್ತಾರೆ, ಗುಂಡು ಹಾರುತ್ತದೆ, ಗುಡಾರ ಕುಸಿಯುತ್ತದೆ. ಆಮೇಲೆ ಹೆಂಡದಂಗಡಿಯಲ್ಲಿ ಜಡ್ಜ್ ತಾನು ಆ ಪಾದ್ರಿಯನ್ನು ಅದಕ್ಕೂ ಮುಂಚೆ ಕಂಡೇ ಇರಲಿಲ್ಲ ಎನ್ನುತ್ತಾನೆ. ಒಂದು ಕ್ಷಣ ಎಲ್ಲರೂ ಸುಮ್ಮನಿದ್ದು ನಕ್ಕುಬಿಡುತ್ತಾರೆ. ಇಡೀ ಕಾದಂಬರಿಯ ಕ್ರೌರ್ಯದ ಬೇರು ಆ ನಗುವಿನಲ್ಲಿದೆ. ಅದನ್ನು ಹಿಡಿದರೆ ಹೆಣಗಳ ರಾಶಿ ತೋರಿಸುವ ಅಗತ್ಯವೇ ಬೀಳುವುದಿಲ್ಲ.

ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಹತ್ತು ಪುಟ ಮೀರಬೇಡಿ. ಆರು ಪುಟ ಗುಡಾರಕ್ಕೆ, ಮೂರು ಪುಟ ಹೆಂಡದಂಗಡಿಗೆ, ಉಳಿದ ಒಂದು ಪುಟ ಕಥಾನಾಯಕನಾದ ಹುಡುಗ ಊರಿಗೆ ಬರುವುದಕ್ಕೆ ಸಾಕು. ಕಾದಂಬರಿಯ ವಾಕ್ಯಗಳನ್ನು ಹಿನ್ನೆಲೆ ದನಿಯಲ್ಲಿ ಓದಿಸಬೇಡಿ. ಆ ಗದ್ಯದ ಗತ್ತಿಗೆ ನಿಮ್ಮ ಚಿತ್ರಿಕೆಗಳು (ಶಾಟ್‌ಗಳು) ಸರಿಗಟ್ಟಲಾರವು, ನೋಡುವವರ ಕಣ್ಣು ಮುಚ್ಚಿ ಕಿವಿಯಷ್ಟೇ ತೆರೆದುಕೊಳ್ಳುತ್ತದೆ.

ಇಡೀ ಗುಡಾರ ಕಟ್ಟಬೇಕಿಲ್ಲ. ಹದಿನೈದು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ದಪ್ಪ ಕ್ಯಾನ್ವಾಸ್, ನಾಲ್ಕು ಕಂಬ, ಒಂದು ಮೂಲೆ ಸಾಕು. ಹತ್ತು ಜನರನ್ನು ಒತ್ತೊತ್ತಾಗಿ ನಿಲ್ಲಿಸಿ. ಕ್ಯಾಮೆರಾ ತಿರುಗಿಸಿದಾಗಲೆಲ್ಲ ಅವರಿಗೇ ಟೋಪಿ, ಕೋಟು ಅದಲುಬದಲು ಮಾಡಿದರೆ ಐವತ್ತು ಜನರಂತೆ ಕಾಣುತ್ತಾರೆ. ಮಳೆಗೆ ತೋಟದ ಪೈಪು ಮತ್ತು ಸ್ಪ್ರೇ ಮೂತಿ ಸಾಕು. ಆದರೆ ದೀಪ ನೀರಿನ ಹಿಂದೆ, ಕ್ಯಾಮೆರಾಗೆ ಎದುರಾಗಿರಬೇಕು. ಮುಂದಿನಿಂದ ಬೆಳಕು ಬಿಟ್ಟರೆ ಹನಿಗಳು ಕಾಣುವುದೇ ಇಲ್ಲ. ಮಾತಿನ ಚಿತ್ರಿಕೆ ತೆಗೆಯುವಾಗ ನೀರು ನಿಲ್ಲಿಸಿ. ನೀರಿನ ಸದ್ದು ಮಾತಿನ ಜೊತೆಗೇ ದಾಖಲಾದರೆ ಸಂಕಲನದ ಪ್ರತಿ ಕತ್ತರಿಯಲ್ಲೂ ಮಳೆ ಜಿಗಿದಂತೆ ಕೇಳುತ್ತದೆ. ಕ್ಯಾನ್ವಾಸಿನ ಮೇಲೆ ನೀರು ಬೀಳುವ ಸದ್ದನ್ನು ಐದು ನಿಮಿಷ ಬೇರೆಯಾಗಿ ದಾಖಲಿಸಿಕೊಂಡು ಆಮೇಲೆ ಮಾತಿನ ಅಡಿಯಲ್ಲಿ ಹಾಸಿ.

ಹುಡುಗನ ಪಕ್ಕದವನು ಚಾಕುವಿನಿಂದ ಗುಡಾರ ಸೀಳಿ ದಾರಿ ಮಾಡುವ ಚಿತ್ರಿಕೆಗೆ ನಿಜವಾದ ಹರಿತದ ಚಾಕು ಬೇಡ. ಕ್ಯಾನ್ವಾಸನ್ನು ಮೊದಲೇ ನಾಲ್ಕು ಅಡಿ ಸೀಳಿ, ಅದೇ ಬಣ್ಣದ ನೂಲಿನಲ್ಲಿ ಅಂಗುಲಕ್ಕೊಂದರಂತೆ ಕಚ್ಚಾ ಹೊಲಿಗೆ ಹಾಕಿ. ಹೊರಗಿನಿಂದ ಇಬ್ಬರು ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದರೆ ಮೊಂಡು ಚಾಕುವಿಗೂ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಬಟ್ಟೆ ಸಡಿಲವಾಗಿದ್ದರೆ ಚಾಕು ಸಿಕ್ಕಿಕೊಂಡು ಬಟ್ಟೆಯೇ ಮುದುರುತ್ತದೆ. ಗುಡಾರ ಬೀಳುವುದನ್ನು ಹೊರಗಿನಿಂದ, ಒಳಗೆ ಯಾರೂ ಇಲ್ಲದಾಗ, ಕಂಬಗಳಿಗೆ ಹಗ್ಗ ಕಟ್ಟಿ ಎಳೆದು ತೆಗೆಯಿರಿ. ಒಳಗೆ ಉರಿಯುವ ದೀಪ ಒಂದೂ ಇರಕೂಡದು.

ಪ್ರಶ್ನೆ: ದುಡ್ಡು ಮಾಡದೆ ಯೂಟ್ಯೂಬ್‌ಗೆ ಹಾಕಿದರೆ ಹಕ್ಕುಸ್ವಾಮ್ಯದ ತೊಂದರೆ ಇಲ್ಲ ಅಲ್ಲವೇ? (ಓದುಗರು, ಮೈಸೂರು)

ಉತ್ತರ: ಇದೆ. ಕಥೆಯನ್ನು ಬೇರೆ ಮಾಧ್ಯಮಕ್ಕೆ ಅಳವಡಿಸುವ ಹಕ್ಕು ಲೇಖಕರದು, ಅವರ ನಂತರ ವಾರಸುದಾರರದು. ಹಣ ಗಳಿಸದಿರುವುದರಿಂದ ಆ ಹಕ್ಕು ಇಲ್ಲವಾಗುವುದಿಲ್ಲ. ಮೆಕಾರ್ಥಿ ತೀರಿಕೊಂಡದ್ದು 2023ರ ಜೂನ್‌ನಲ್ಲಿ. ಅಮೆರಿಕದಲ್ಲಿ ಲೇಖಕರ ಮರಣಾನಂತರ 70 ವರ್ಷ, ಭಾರತದಲ್ಲಿ 60 ವರ್ಷ ರಕ್ಷಣೆ ಇರುತ್ತದೆ. ಮೇಲಾಗಿ ಈ ಕಾದಂಬರಿಯನ್ನು ಚಲನಚಿತ್ರ ಮಾಡುವುದಾಗಿ 2023ರಲ್ಲಿ ನ್ಯೂ ರೀಜೆನ್ಸಿ ಸಂಸ್ಥೆಯಿಂದ ಸುದ್ದಿ ಬಂದಿತ್ತು. ಹಕ್ಕು ಹೊಂದಿದವರು ದೂರು ಕೊಟ್ಟರೆ ವಿಡಿಯೊ ಇಳಿಯುತ್ತದೆ. ಪ್ರಕಾಶಕರ ಮೂಲಕ ಲಿಖಿತ ಅನುಮತಿ ಕೇಳಿ. ಉತ್ತರ ಬಾರದಿದ್ದರೆ ಅದನ್ನು ಒಪ್ಪಿಗೆ ಎಂದು ತಿಳಿಯಬೇಡಿ.

ಕಲಿಕೆಗಾಗಿ ಮಾಡುವವರಿಗೆ ಇನ್ನೊಂದು ದಾರಿ ಹೇಳುತ್ತೇವೆ. ಸ್ಟೀಫನ್ ಕ್ರೇನ್ 1898ರಲ್ಲಿ ಪ್ರಕಟಿಸಿದ ‘ದಿ ಬ್ಲೂ ಹೋಟೆಲ್’ ಕಥೆಗೆ ಈಗ ಯಾರ ಹಕ್ಕೂ ಇಲ್ಲ. ನೆಬ್ರಾಸ್ಕಾದ ಹಿಮಗಾಳಿ, ಇಸ್ಪೀಟು, ಒಂದು ಹೊಡೆದಾಟ, ಒಂದು ಚಾಕು, ಹೆಚ್ಚಿನದೆಲ್ಲ ಕೋಣೆಯೊಳಗೇ. ಕಿರುಚಿತ್ರಕ್ಕೆ ಬಹಳ ಒಳ್ಳೆಯ ಕಥೆ, ಹೆದರದೆ ಉತ್ಸವಗಳಿಗೂ ಕಳಿಸಬಹುದು.

ಪ್ರಶ್ನೆ: ರಕ್ತ ಮತ್ತು ಗುಂಡೇಟು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ? ನಮ್ಮ ರಕ್ತ ಕ್ಯಾಮೆರಾದಲ್ಲಿ ರೋಸ್ ಮಿಲ್ಕ್‌ನಂತೆ ಕಾಣುತ್ತಿದೆ. (ಓದುಗರು, ಹುಬ್ಬಳ್ಳಿ)

ಉತ್ತರ: ಬರೀ ಕೆಂಪು ಬಣ್ಣ ಹಾಕಿದ್ದೀರಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸ್ 250 ಗ್ರಾಂ ತೆಗೆದುಕೊಳ್ಳಿ. 60 ಮಿಲಿಲೀಟರ್ ಬಿಸಿನೀರಿನಲ್ಲಿ ಒಂದು ದೊಡ್ಡ ಚಮಚ ಕೋಕೋ ಪುಡಿಯನ್ನು ಗಂಟಿಲ್ಲದಂತೆ ಕದಡಿ. ಆಮೇಲೆ ಗ್ಲೂಕೋಸ್, ಒಂದೂವರೆ ಟೀ ಚಮಚ ಕೆಂಪು ಫುಡ್ ಕಲರ್, ಎರಡೇ ಹನಿ ನೀಲಿ ಸೇರಿಸಿ. ಕೋಕೋವನ್ನು ನೇರವಾಗಿ ಗ್ಲೂಕೋಸ್‌ಗೆ ಹಾಕಿದರೆ ಗಂಟು ಕರಗುವುದೇ ಇಲ್ಲ. ಮಂದ ಹಳದಿ ಬೆಳಕಿನಲ್ಲಿ ಇದು ಕಪ್ಪಗೆ ಕಾಣುತ್ತದೆ, ಆಗ ಕೋಕೋ ಅರ್ಧಕ್ಕಿಳಿಸಿ. ಚಿತ್ರೀಕರಣದ ಬೆಳಕಿನಲ್ಲೇ ಪರೀಕ್ಷಿಸಬೇಕು, ಅಡುಗೆಮನೆಯಲ್ಲಲ್ಲ. ಬಟ್ಟೆಗೆ ಬಳಸುವುದಕ್ಕೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ಕಲೆ ಬೇಗ ಬಿಡುತ್ತದೆ. ಬಾಯಿಗೆ ಬಳಸುವುದನ್ನು ಸೋಪಿಲ್ಲದೆ ಬೇರೆ ಬಾಟಲಿಯಲ್ಲಿಡಿ. ಒಣಗಿದ ರಕ್ತಕ್ಕೆ ಗಟ್ಟಿ ಕಾಫಿ ಡಿಕಾಕ್ಷನ್ ಸೇರಿಸಿ ಕಂದು ಮಾಡಿ. ಹಾಗೇ ಬಿಟ್ಟರೆ ಇರುವೆ ಮುತ್ತುವುದು ಖಂಡಿತ.

ಗುಂಡೇಟಿಗೆ ಪಟಾಕಿ ಮದ್ದು ಮುಟ್ಟಲೇಬೇಡಿ. 60 ಮಿಲಿಲೀಟರ್ ಸಿರಿಂಜಿಗೆ ಅಕ್ವೇರಿಯಂನ ಗಾಳಿ ಕೊಳವೆ ಜೋಡಿಸಿ, ಅಂಗಿಯೊಳಗೆ ಹಾಯಿಸಿ, ತುದಿಯನ್ನು ಎದೆಗೆ ಟೇಪು ಹಾಕಿ. ಅಂಗಿಯನ್ನು ಆ ಜಾಗದಲ್ಲಿ ಒಳಗಿನಿಂದ ಮರಳು ಕಾಗದದಿಂದ ಉಜ್ಜಿ ಸವೆಸಿ. ರಕ್ತಕ್ಕೆ ಇನ್ನಷ್ಟು ನೀರು ಬೆರೆಸದಿದ್ದರೆ ಕೊಳವೆಯಲ್ಲಿ ಹರಿಯುವುದಿಲ್ಲ. ಕೊಳವೆಯನ್ನು ಮೊದಲೇ ತುಂಬಿಸಿಕೊಳ್ಳದಿದ್ದರೆ ಗಾಳಿ ಬುಸ್ಸೆಂದು ಬಂದು ಆಮೇಲೆ ರಕ್ತ ಬರುತ್ತದೆ. ಒಂದೇ ಥರದ ಅಂಗಿ ಮೂರು ಇಟ್ಟುಕೊಳ್ಳಿ.

ಬಂದೂಕಿನ ವಿಷಯದಲ್ಲಿ ರಾಜಿಯೇ ಬೇಡ. ಗುಂಡು ಹಾರಿಸಲಾಗದ ರಬ್ಬರ್ ಅಥವಾ ಮರದ ಮಾದರಿ ಮಾತ್ರ. ‘ಬ್ಲ್ಯಾಂಕ್’ (ಗುಂಡಿಲ್ಲದೆ ಮದ್ದು ಮಾತ್ರ ಇರುವ ತೋಟಾ) ನಿರಪಾಯ ಎಂಬುದು ತಪ್ಪು ನಂಬಿಕೆ. 1993ರಲ್ಲಿ ನಟ ಬ್ರ್ಯಾಂಡನ್ ಲೀ ಸತ್ತದ್ದು ನಳಿಗೆಯಲ್ಲಿ ಸಿಕ್ಕಿಕೊಂಡಿದ್ದ ಗುಂಡಿನ ತುದಿಯನ್ನು ಬ್ಲ್ಯಾಂಕ್ ಹೊರದೂಡಿದ್ದರಿಂದ. 2021ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಇಂಥದೇ ಒಂದು ವೆಸ್ಟರ್ನ್ ಚಿತ್ರದ ಸೆಟ್ಟಿನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ನಿಜವಾದ ಗುಂಡು ತಗುಲಿ ಜೀವ ಕಳೆದುಕೊಂಡರು. ಬೆಂಕಿ, ಹೊಗೆ ಎರಡನ್ನೂ ಸಂಕಲನದಲ್ಲಿ ಸೇರಿಸಿ. ಆ ಕಾಲದ ಕರಿಮದ್ದು ದಟ್ಟ ಬಿಳಿ ಹೊಗೆ ಉಗುಳುತ್ತಿತ್ತು. ಕಪ್ಪು ಬಟ್ಟೆಯ ಮುಂದೆ ಸಾಂಬ್ರಾಣಿ ಹೊಗೆಗೆ ಪಕ್ಕದಿಂದ ಬೆಳಕು ಬಿಟ್ಟು ಚಿತ್ರಿಸಿಕೊಂಡು, ಸಂಕಲನ ತಂತ್ರಾಂಶದ ‘ಸ್ಕ್ರೀನ್’ ಮೋಡ್‌ನಲ್ಲಿ (ಕಪ್ಪು ಮರೆಯಾಗಿ ಬೆಳಕಿನ ಭಾಗ ಮಾತ್ರ ಉಳಿಯುತ್ತದೆ) ಹೊದಿಸಿ. ಬೆಂಕಿಯ ಮಿಂಚು ಒಂದೇ ಫ್ರೇಮ್, ಅದೇ ಫ್ರೇಮಿನಲ್ಲಿ ಮುಖಕ್ಕೂ ಬೆಳಕು ಏರಿಸಿ. ರಿವಾಲ್ವರ್ 1847ರ ಕೋಲ್ಟ್ ವಾಕರ್ ಮಾದರಿಯದಾದರೆ ಅದರ ತೂಕ ಎರಡು ಕಿಲೋ. ಹಗುರ ರಬ್ಬರಿನೊಳಗೆ ಕಬ್ಬಿಣದ ಸರಳು ತುಂಬದಿದ್ದರೆ ನಟನ ಮಣಿಕಟ್ಟು ಸುಳ್ಳು ಹೇಳುತ್ತದೆ. ಯಾವ ದೇಶದಲ್ಲಿದ್ದರೂ ಚಿತ್ರೀಕರಣದ ಜಾಗ, ಹೊತ್ತು ಸ್ಥಳೀಯ ಪೊಲೀಸರಿಗೆ ಮೊದಲೇ ತಿಳಿಸಿ.

ಪ್ರಶ್ನೆ: ಜಡ್ಜ್ ಏಳಡಿ ಎತ್ತರ, ಮೈಮೇಲೆ ಒಂದು ಕೂದಲಿಲ್ಲ. ನಮ್ಮ ನಟ ಐದಡಿ ಹತ್ತಂಗುಲ. ಏನು ಮಾಡೋಣ? (ಓದುಗರು, ಮಂಗಳೂರು)

ಉತ್ತರ: ತಲೆ ಬೋಳಿಸಲು ಒಪ್ಪುವ ನಟನನ್ನೇ ಹುಡುಕಿ. ಅಗ್ಗದ ಬಾಲ್ಡ್ ಕ್ಯಾಪಿನ ಅಂಚು ಹತ್ತಿರದ ಚಿತ್ರಿಕೆಯಲ್ಲಿ ಎದ್ದು ಕಾಣುತ್ತದೆ. ಹುಬ್ಬಿಗೆ ನೀರಿನಲ್ಲಿ ಕರಗುವ ಗ್ಲೂ ಸ್ಟಿಕ್ಕನ್ನು ಮೇಲ್ಮುಖವಾಗಿ ಬಾಚಿ ಹಚ್ಚಿ, ಪೂರ್ತಿ ಒಣಗಲು ಬಿಟ್ಟು ಮತ್ತೆರಡು ಪದರ ಕೊಡಿ, ಪೌಡರ್ ಒತ್ತಿ, ಮೇಲೆ ಕನ್ಸೀಲರ್. ಬೆವರಿದರೆ ಏಳುತ್ತದೆ, ಆದ್ದರಿಂದ ಅವನ ಹತ್ತಿರದ ಚಿತ್ರಿಕೆಗಳನ್ನು ಮೊದಲು ಮುಗಿಸಿ. ಎತ್ತರಕ್ಕೆ ಎಂಟಂಗುಲದ ಮರದ ಪೆಟ್ಟಿಗೆ ಮೇಲೆ ನಿಲ್ಲಿಸಿ, ಕ್ಯಾಮೆರಾ ಸೊಂಟದ ಮಟ್ಟದಲ್ಲಿಡಿ, ಸುತ್ತಲಿನವರನ್ನು ಬೆಂಚಿನ ಮೇಲೆ ಕೂರಿಸಿ. ಬಾಗಿಲಲ್ಲಿ ತಲೆ ತಗ್ಗಿಸಿ ಬರುವುದೊಂದೇ ಅರ್ಧ ಕೆಲಸ ಮಾಡುತ್ತದೆ.

ಪ್ರಶ್ನೆ: ಬಳ್ಳಾರಿ ಸೀಮೆಯಲ್ಲೇ ತೆಗೆದರೆ ಅಮೆರಿಕದ ಗಡಿನಾಡಿನಂತೆ ಕಾಣುತ್ತದೆಯೇ? (ಓದುಗರು, ಹೊಸಪೇಟೆ)

ಉತ್ತರ: ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು. ನಮ್ಮ ಬಳ್ಳಾರಿ ಜಾಲಿ ಮೂಲತಃ ಅಮೆರಿಕ ಖಂಡದ್ದು, ಟೆಕ್ಸಾಸಿನ ಮೆಸ್ಕೀಟ್ ಗಿಡದ ದಾಯಾದಿ. ಪಾಪಾಸುಕಳ್ಳಿ, ಕತ್ತಾಳೆ ಎರಡೂ ಅಲ್ಲಿಂದಲೇ ಬಂದವು. ಈ ಮೂರು ಇರುವ ಬಯಲನ್ನು ಆರಿಸಿ ಬೇವು, ನೀಲಗಿರಿ, ವಿದ್ಯುತ್ ತಂತಿ ಚೌಕಟ್ಟಿನಿಂದ ಹೊರಗಿಡಿ. ಮುಳ್ಳುತಂತಿ ಬೇಲಿಯೂ ಬೇಡ, ಅದು ಬಳಕೆಗೆ ಬಂದದ್ದು 1870ರ ದಶಕದಲ್ಲಿ. ಹಂಪಿಯ ಸುತ್ತ ಬಂಡೆಗಳು ಚೆಂದವಿದ್ದರೂ ಸಂರಕ್ಷಿತ ಸ್ಥಳ, ಅನುಮತಿ ಇಲ್ಲದೆ ಹೋಗಬೇಡಿ. ಅಂದಹಾಗೆ ನಾಕೊಡೋಚಸ್ ಇರುವುದು ಪೂರ್ವ ಟೆಕ್ಸಾಸಿನ ಪೈನ್ ಕಾಡಿನ ಸೀಮೆಯಲ್ಲಿ. ಗುಡಾರದ ದೃಶ್ಯಕ್ಕೆ ಬಯಲಿಗಿಂತ ಕೆಸರು ಮುಖ್ಯ.

ಉಡುಪಿನಲ್ಲಿ ಎಲ್ಲರೂ ಎಡವುತ್ತಾರೆ. 1849ಕ್ಕೆ ರಿವೆಟ್ ಹಾಕಿದ ಜೀನ್ಸ್ ಇಲ್ಲ, ಅದು 1873ರದು. ಸ್ಟೆಟ್ಸನ್ ಕೌಬಾಯ್ ಟೋಪಿ 1865ರದು. ಅಗಲ ಅಂಚಿನ, ಮಡಿಕೆ ಇಲ್ಲದ ಹಳೇ ಉಣ್ಣೆ ಟೋಪಿ, ದಪ್ಪ ಹತ್ತಿ ಷರಾಯಿ, ಮರದ ಅಥವಾ ಮೂಳೆಯ ಗುಂಡಿ ಸಾಕು. ಸೀಮೆಎಣ್ಣೆ ಲಾಟೀನೂ ಆ ಕಾಲಕ್ಕೆ ಬಂದಿರಲಿಲ್ಲ. ತೂತು ಕೊರೆದ ತಗಡಿನ ಡಬ್ಬಿಯೊಳಗೆ ಮಂದ ಎಲ್‌ಇಡಿ ಇಟ್ಟರೆ ಮೇಣದ ಬತ್ತಿಯ ದೀಪದಂತೆ ಕಾಣುತ್ತದೆ.

ಕುದುರೆ ಬಾಡಿಗೆಗೆ ಪಡೆಯುವಾಗ ಕಿವಿ ನೋಡಿ. ಮಾರವಾಡಿ ತಳಿಯ ಕಿವಿ ತುದಿಯಲ್ಲಿ ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವಂತಿರುತ್ತದೆ, ಬಲ್ಲವರು ತಕ್ಷಣ ಗುರುತಿಸುತ್ತಾರೆ. ನೆಟ್ಟಗಿನ ಕಿವಿಯ ಕುದುರೆ ಸಿಗದಿದ್ದರೆ ಹಿಂದಿನಿಂದ, ಇಲ್ಲವೇ ಗೊರಸು ಮತ್ತು ಹೊಟ್ಟೆಯ ಮಟ್ಟದಲ್ಲಿ ಮಾತ್ರ ತೋರಿಸಿ. ರೈಡಿಂಗ್ ಕ್ಲಬ್ಬಿನ ಜೀನಿಗೆ ಅಮೆರಿಕದ ಜೀನಿಗಿರುವಂಥ ಮುಂಭಾಗದ ಕೊಂಬು ಇರುವುದಿಲ್ಲ, ಅದರ ಮೇಲೆ ಕಂಬಳಿ ಹೊದಿಸಿ.