ಪ್ವೆರ್ತೊ ವಯಾರ್ತಾದ ಮಳೆಗಾಲ ಮತ್ತು ಮನೆವಾರ್ತೆ

ಮಾನ್ಯರೇ,

ಜುಲೈನಿಂದ ಒಂದು ವರ್ಷ ಮೆಕ್ಸಿಕೊದ ಕಡಲತೀರದ ಊರಾದ ಪ್ವೆರ್ತೊ ವಯಾರ್ತಾದಲ್ಲಿ ಬಾಡಿಗೆ ಮನೆ ಹಿಡಿಯಲಿರುವ ನೀವು ಅಲ್ಲಿನ ಸೆಕೆ, ಕುಡಿಯುವ ನೀರು, ಗ್ಯಾಸಿನ ಬಗ್ಗೆ ಕೇಳಿದ್ದೀರಿ. ಮೂರರಲ್ಲಿ ಸೆಕೆಯೇ ನಿಜವಾದ ಪರೀಕ್ಷೆ. ಕೆನಡಾ, ಅಮೆರಿಕಗಳಿಂದ ಬಂದವರಲ್ಲಿ ಬಹಳ ಮಂದಿ ಚಳಿಗಾಲವನ್ನಷ್ಟೇ ಅಲ್ಲಿ ಕಳೆದು ಊರಿಗೆ ಮರಳುವುದಕ್ಕೆ ಇದೂ ಕಾರಣ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಮಂಗಳೂರಿನ ಮೇ ತಿಂಗಳಂತೆ ಮೈಗೆ ಅಂಟುವ ಸೆಕೆಯಿದ್ದು, ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟು, ಚಪ್ಪಲಿಗಳಿಗೆ ಹಸಿರು ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಕಡಲು ಕಾಣುವ ಮನೆಗಿಂತ ಎರಡು ಕಡೆಯಿಂದ ಗಾಳಿಯಾಡುವ ಮನೆಯನ್ನೇ ಆರಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ವಿದ್ಯುತ್ ಬಿಲ್ಲು ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಬರುತ್ತದೆ, ಬಳಕೆ ಹೆಚ್ಚಿದಂತೆ ಯೂನಿಟ್ಟಿನ ದರವೂ ಏರುತ್ತದೆ. ಏಸಿ ಹಾಕುವವರು ಬಿಲ್ಲನ್ನು ಯಾರು ಕಟ್ಟಬೇಕೆಂದು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು.

ಕುಡಿಯಲು ಬಹುತೇಕರು ‘ಗರಾಫೋನ್’ ಎಂಬ 20 ಲೀಟರಿನ ಕ್ಯಾನನ್ನೇ ನಂಬಿದ್ದಾರೆ. ಬೀದಿಯಲ್ಲಿ ‘ಆಗ್ವಾ’ (ನೀರು) ಎಂದು ಕೂಗುತ್ತಾ ಬರುವವರು ಖಾಲಿ ಕ್ಯಾನು ಪಡೆದು ತುಂಬಿದ್ದನ್ನು ಕೊಡುತ್ತಾರೆ; ಮಹಡಿಗೆ ಹೊತ್ತು ತಂದವರ ಕೈಗೆ ಕೆಲವು ಪೆಸೊ ಇಡುವುದು ರೂಢಿ. ಗ್ಯಾಸನ್ನು ಅನೇಕ ಮನೆಗಳಲ್ಲಿ ತಾರಸಿಯ ಟ್ಯಾಂಕಿಗೆ ಲಾರಿಯಿಂದ ಪೈಪಿನ ಮೂಲಕ ಲೀಟರ್ ಲೆಕ್ಕದಲ್ಲಿ ತುಂಬುತ್ತಾರೆ. ಮೀಟರು ಸೊನ್ನೆಯಿಂದ ಆರಂಭವಾಗುವುದನ್ನು ಕಣ್ಣಾರೆ ನೋಡಿ.

ನೀವು ಕೇಳದಿದ್ದರೂ ಒಂದು ಮಾತು: ಪ್ರವಾಸಿಯಾಗಿ ಹೋದರೆ ಹೆಚ್ಚೆಂದರೆ 180 ದಿನ ಮಾತ್ರ ಇರಬಹುದು. ಹಾಗಾಗಿ ಮುಂಗಡ ಕೊಡುವ ಮೊದಲೇ, ಮೆಕ್ಸಿಕೊದ ಹೊರಗಿರುವ ಅದರ ಕಾನ್ಸುಲೇಟಿನಲ್ಲಿ ತಾತ್ಕಾಲಿಕ ವಾಸದ ವೀಸಾಕ್ಕೆ ಅರ್ಜಿ ಸಲ್ಲಿಸಿರಿ.